ಸದ್ದು ನಿಂತರೆ ತಿರುಗಬೇಕು

ತಮಿಳು ಸೀಮೆಯ ಅನ್ನೂರಿನ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ನೇಕಾರರ ಬೀದಿಯಲ್ಲಿ ಈಚೆಗೆ ರಾಮಲಿಂಗಂ ಅವರನ್ನು ಕಂಡರೆ ಜನ ಬಾಯಿಗೆ ಟವೆಲು ಅಡ್ಡ ಹಿಡಿದು ನಗುತ್ತಿದ್ದರು. ನಗದೆ ಇನ್ನೇನು ಮಾಡಿಯಾರು? ಅರವತ್ತಾರು ವರ್ಷದ ಮನುಷ್ಯ, ಮಾತಾಡಿದರೆ ಮುತ್ತು ಉದುರೀತು ಅನ್ನುವ ಜಾತಿಯವರು, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರೆ ಊಟದ ಹೊತ್ತಿನ ತನಕ ಕತ್ತು ಅಲುಗಿಸದವರು, ಈಗ ಎಲ್ಲಿ ಯಾವ ಸದ್ದು ನಿಂತರೂ ತಟ್ಟನೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

ದೊರೈಸಾಮಿಯ ಕ್ಷೌರದಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು, ಇವರು ತಿರುಗಿದರು, ಕಿವಿಯ ತುದಿಗೆ ಬಾಚಣಿಗೆ ಚುಚ್ಚಿತು. "ಐಯಾ, ಕಿವಿ ಬೇಕಾ ಬೇಡವಾ, ಮೊದಲೇ ಹೇಳಿಬಿಡಿ," ಎಂದು ದೊರೈಸಾಮಿ ತಮಿಳಿನಲ್ಲಿ ಗೊಣಗಿದ. ಟೌನ್ ಬಸ್ಸು ಕೋವಿಲ್‌ಪಾಳಯದಲ್ಲಿ ಎಂಜಿನ್ ನಿಲ್ಲಿಸಿದಾಗ ತಿರುಗಿ, ಹಿಂದಿನ ಸೀಟಿನ ಹೆಂಗಸಿನ ಮುಖವನ್ನೇ ದಿಟ್ಟಿಸಿ ಬೈಸಿಕೊಂಡರು. ಒಂದು ಬೆಳಿಗ್ಗೆ ಕರೆಂಟು ಹೋಗಿ ಬೀದಿಯ ಪವರ್‌ಲೂಮುಗಳೆಲ್ಲ ಒಟ್ಟಿಗೆ ನಿಂತಾಗಲಂತೂ ಕೈಯಲ್ಲಿದ್ದ ಕಾಫಿ ಪೂರ್ತಿ ಪಂಚೆಯ ಮೇಲಾಯಿತು. ಬರೀ ತಿರುಗಿದ್ದರೆ ಜನ ವಯಸ್ಸಾಯಿತು ಎಂದು ಬಿಟ್ಟುಬಿಡುತ್ತಿದ್ದರೋ ಏನೋ. ತಿರುಗಿದ ಮೇಲೆ ಇವರು ತುಟಿ ಅಲ್ಲಾಡಿಸಿ ತಮ್ಮಷ್ಟಕ್ಕೆ ಏನೋ ಕೇಳಿಕೊಳ್ಳುತ್ತಿದ್ದರು. ಕೇಳಿಕೊಳ್ಳುತ್ತಿದ್ದುದು ಒಂದೇ ಮಾತು: "ಇದು ಕನವಾ?" ಅಂದರೆ, ಇದು ಕನಸಾ?

ಇದಕ್ಕೆಲ್ಲ ಕಾರಣ ಅವರ ಮಹಡಿಯ ಮೇಲೆ ಬಾಡಿಗೆಗಿದ್ದ ಸುಪ್ರೀತಾ. ಆದರೆ ಆ ಹುಡುಗಿಯನ್ನು ಬೈಯುವ ಮುಂಚೆ ಪಾಪಾತಿಯ ವಿಷಯ ಹೇಳಬೇಕು.

ಪಾಪಾತಿ ರಾಮಲಿಂಗಂ ಅವರ ಹೆಂಡತಿ. ಮದುವೆಯಾಗಿ ಬಂದಾಗ ಹದಿನೆಂಟು, ಹೋದಾಗ ಐವತ್ತೊಂಬತ್ತು. ನಡುವಿನ ನಲವತ್ತೊಂದು ವರ್ಷವನ್ನೂ ಅವರಿಬ್ಬರೂ ಒಂದೇ ಕೋಣೆಯಲ್ಲಿ ಕಳೆದರು. ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಮಗ್ಗದಲ್ಲಿ. ಆಕೆ ಅವರ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ರಾಟೆಯ ಮುಂದೆ. ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ನೂಲು ಸುತ್ತುವುದು ಆಕೆಯ ಕೆಲಸ. ಕಂಡಿಕೆ ಮುಗಿದಾಗ ರಾಮಲಿಂಗಂ ತಿರುಗುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಎಡಗೈಯನ್ನು ಹಿಂದಕ್ಕೆ ಚಾಚುತ್ತಿದ್ದರು, ಅಷ್ಟೆ. ಅಂಗೈಯಲ್ಲಿ ತುಂಬಿದ ಕಂಡಿಕೆ ಬಂದು ಕೂರುತ್ತಿತ್ತು. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರು, ಅವ್ವ ಹಾಗೇ ಕೊಡುತ್ತಿದ್ದರು. ಆ ಬೀದಿಯಲ್ಲಿ ಗಂಡ ಹೆಂಡತಿ ಹೊಂದಿಕೊಂಡಿದ್ದಾರೆ ಎನ್ನುವುದಕ್ಕೆ ಅದೇ ಗುರುತು: ಕೈ ಚಾಚಿದಾಗ ಅಂಗೈ ಬರಿದಾಗಿರಬಾರದು.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಹೊತ್ತಿಗೆ, ಹಿಂದೆ ರಾಟೆಯ ಸದ್ದು ನಿಂತಿತು. ರಾಮಲಿಂಗಂ ಅವರಿಗೆ ಕೇಳಿಸಿತು. ನೀರು ಕುಡಿಯಲು ನಿಲ್ಲಿಸಿದ್ದಾಳೆ ಎಂದುಕೊಂಡರು. ಲಾಳಿಯಲ್ಲಿ ಇನ್ನೂ ನೂಲಿತ್ತು, ನೇಯುತ್ತಲೇ ಹೋದರು. ನೂಲು ಮುಗಿಯಿತು, ಕೈ ಹಿಂದಕ್ಕೆ ಚಾಚಿದರು. ಏನೂ ಬರಲಿಲ್ಲ. ಬೆರಳು ಮಡಚಿ ಬಿಚ್ಚಿದರು. ಆಗಲೂ ಬರಲಿಲ್ಲ. "ಏನು, ನಿದ್ದೆ ಬಂತಾ?" ಎಂದು ಗದರಿದರು. ಅದಾದ ಮೇಲೆ ತಿರುಗಿದರು. ಪಾಪಾತಿ ಗೋಡೆಗೆ ಒರಗಿ ಕೂತಿದ್ದಳು, ತಲೆ ಒಂದು ಕಡೆಗೆ ವಾಲಿತ್ತು.

ಹೃದಯ ನಿಂತುಹೋಗಿದೆ ಎಂದರು ಡಾಕ್ಟರು. ಸದ್ದು ನಿಂತ ಕೂಡಲೇ ನೋಡಿ ಕರಕೊಂಡು ಬಂದಿದ್ದರೆ ಎಂದು ಇವರು ಕೇಳಿದಾಗ ಆ ಮನುಷ್ಯ ಒಂದು ಗಳಿಗೆ ಯೋಚಿಸಿ, "ಹೇಳೋಕಾಗಲ್ಲ," ಎಂದರು. ಇಲ್ಲ ಅಂದಿದ್ದರೆ ಸಮಾಧಾನವಾಗುತ್ತಿತ್ತು. ಹೌದು ಅಂದಿದ್ದರೆ ಎದೆ ಬಡಿದುಕೊಂಡು ಅತ್ತು ಮುಗಿಸಬಹುದಿತ್ತು. ಹೇಳೋಕಾಗಲ್ಲ ಅನ್ನುವುದನ್ನು ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು?

ಇನ್ನೊಂದು ಸಂಕಟವಿತ್ತು, ಅದು ನೇಕಾರರಿಗೆ ಮಾತ್ರ ಬರುವಂಥದ್ದು. ಬೇರೆಯವರಾದರೆ ಎಷ್ಟು ಹೊತ್ತು ತಡವಾಯಿತು ಎನ್ನುವುದು ದಿನ ಕಳೆದಂತೆ ಮಸುಕಾಗಿಬಿಡುತ್ತದೆ. ಇವರಿಗೆ ಆ ಹೊತ್ತು ಮಗ್ಗದ ಮೇಲೆಯೇ ಇತ್ತು. ಕನಕಾಂಬರ ಬಣ್ಣದ ರೇಷ್ಮೆ ಸೀರೆ, ಅರ್ಧ ಮುಗಿದದ್ದು. ಯಾವ ಎಳೆ ಓಡುವಾಗ ರಾಟೆ ನಿಂತಿತು ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಅಂಚಿನ ಒಂದು ಹೂವು ಆಗತಾನೇ ಮುಗಿದು ಮುಂದಿನದು ಶುರುವಾಗಿತ್ತು. ಅಲ್ಲಿಂದ ಮೇಲಕ್ಕೆ ನಾಲ್ಕು ಬೆರಳಗಲ ಬಟ್ಟೆ. ಅಷ್ಟನ್ನೂ ಅವರು ಹೆಂಡತಿಯ ಕಡೆ ಬೆನ್ನು ಹಾಕಿಕೊಂಡು ನೇಯ್ದಿದ್ದರು. ಆ ನಾಲ್ಕು ಬೆರಳಿನ ಮುಂದೆ ಒಂದು ಎಳೆಯನ್ನೂ ಅವರಿಂದ ಹಾಕಲಾಗಲಿಲ್ಲ, ಮಗ್ಗದಿಂದ ಬಟ್ಟೆ ಕತ್ತರಿಸಲೂ ಆಗಲಿಲ್ಲ. ಮಗ್ಗದ ಮೇಲೆ ಹಳೇ ಪಂಚೆ ಹೊದಿಸಿಟ್ಟರು.

ಮಗ ಕಾರ್ತಿಕೇಯನ್ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಮೇಸ್ತ್ರಿ, ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಮನೆಯಲ್ಲಿ ಅವನ ಮುಖ ಕಾಣುವುದು ಭಾನುವಾರವೇ. ಹಾಗಾಗಿ ಮಾವನನ್ನು ಕಾಯುವ ಕೆಲಸ ಸೊಸೆ ನಿತ್ಯಾಳದ್ದಾಯಿತು. ಅವಳು ಎರಡು ಸಲ ಹೇಳಿ ನೋಡಿದಳು: "ಮಾಮಾ, ಇಂಗೇ ಬುಟ್ರೆ ಇಲಿ ಕಡ್ದು ಹಾಕ್ತದೆ. ನೇಯಿರಿ, ಇಲ್ಲಾಂದ್ರೆ ಕತ್ತರ್ಸಿ." ಅವರು ಆಮ ಆಮ ಎಂದು ತಲೆ ಆಡಿಸಿ ಎದ್ದು ಹೋದರು.

ಕನಸು ಶುರುವಾಗಿದ್ದು ಎರಡನೇ ತಿಂಗಳಲ್ಲಿ. ವಾರಕ್ಕೊಮ್ಮೆ, ಕೆಲವು ಸಲ ಎರಡು ಬಾರಿ, ಬೆಳಗಿನ ಜಾವದ ನಿದ್ದೆಯಲ್ಲಿ ಬರುತ್ತಿತ್ತು. ಅವರು ಮಗ್ಗದಲ್ಲಿ ಕೂತಿರುತ್ತಿದ್ದರು. ಹಿಂದೆ ರಾಟೆ ತಿರುಗುತ್ತಿತ್ತು. ಆಮೇಲೆ ಸದ್ದು ನಿಲ್ಲುತ್ತಿತ್ತು. ಕನಸಿನಲ್ಲೂ ಅವರು ತಿರುಗುತ್ತಿರಲಿಲ್ಲ, ನೇಯುತ್ತಲೇ ಇರುತ್ತಿದ್ದರು, ಮತ್ತೆ ಎಚ್ಚರವಾಗುತ್ತಿತ್ತು. ಎದ್ದು ಕೂತು ತಮ್ಮ ಕತ್ತನ್ನು ತಾವೇ ಹಿಡಿದು ಶಪಿಸಿಕೊಳ್ಳುತ್ತಿದ್ದರು. ಒಮ್ಮೆ, ಒಂದೇ ಒಂದು ಸಲ ತಿರುಗಿ ನೋಡಿ, ಆ ನಿದ್ದೆಯ ಮಾತಿಗೆ ತಪ್ಪಾಯ್ತು ಎನ್ನಬೇಕು. ಅವರಿಗೆ ಬೇಕಾಗಿದ್ದುದು ಇಷ್ಟೇ.

ಇದನ್ನು ಅವರು ಮಗನಿಗೆ ಹೇಳಲಿಲ್ಲ, ಸೊಸೆಗೆ ಹೇಳಲಿಲ್ಲ. ಹೇಳಿದ್ದು ಸುಪ್ರೀತಾಳಿಗೆ. ಹತ್ತಿರದವರಿಗೆ ಹೇಳಲಾಗದ್ದನ್ನು ಬಾಡಿಗೆಯವರಿಗೆ ಹೇಳುವುದು ಸುಲಭ, ನಾಳೆ ಮನೆ ಖಾಲಿ ಮಾಡಿಕೊಂಡು ಹೋಗುವವರು.

ಸುಪ್ರೀತಾ ಮಂಡ್ಯದ ಕಡೆಯವಳು, ಶರವಣಂಪಟ್ಟಿಯ ಒಂದು ಆಫೀಸಿನಲ್ಲಿ ಕೆಲಸ. ಅಷ್ಟು ದೂರದಿಂದ ದಿನಾ ಓಡಾಡುತ್ತಿದ್ದುದಕ್ಕೆ ಕಾರಣ, ಈ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಎನ್ನುವುದೇ. ಬಂದ ಮೇಲೆ ತಲೆಮಾರುಗಳಿಂದ ತಮಿಳು ಬೆರೆತ ಆ ಕನ್ನಡ ಕೇಳಿ ಮೊದಲ ವಾರ ಅವಳು ಕಣ್ಣು ಕಣ್ಣು ಬಿಟ್ಟಳು, ಅದು ಬೇರೆ ಮಾತು. ಒಂದು ಭಾನುವಾರ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಮುದುಕರು ನೀರಿನ ಟ್ಯಾಂಕಿನ ನೆರಳಿನಲ್ಲಿ ಸುಮ್ಮನೆ ಕೂತಿರುವುದನ್ನು ಕಂಡು, "ಏನು ತಾತ, ನಿದ್ದೆಗೆಟ್ಟವರ ಥರ ಇದೀರಾ?" ಎಂದಳು. ನಿದ್ದೆ ಎನ್ನುವ ಪದ ಕೇಳಿದ್ದೇ ತಡ, ಎಂಟು ತಿಂಗಳ ಕಥೆ ಹೊರಗೆ ಬಂತು.

ಅವಳು ಅಯ್ಯೋ ಪಾಪ ಅನ್ನಲಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, "ತಾತ, ಕನಸು ನಡೀತಿರೋವಾಗಲೇ ಇದು ಕನಸು ಅಂತ ಗೊತ್ತುಮಾಡ್ಕೊಬಹುದು. ಗೊತ್ತಾದ್ರೆ ಕನಸಲ್ಲಿ ನಮಗೆ ಬೇಕಾದ್ದು ಮಾಡಬಹುದು. ನಾನು ಹಾಸ್ಟೆಲಲ್ಲಿದ್ದಾಗ ಕಲಿತೆ. ಪರೀಕ್ಷೆಗೆ ಲೇಟಾಗೋ ಕನಸು ಬೀಳ್ತಿತ್ತು, ಈಗ ಬಿದ್ರೆ ಪರೀಕ್ಷೆ ಬಿಟ್ಟು ಹಾರಾಡೋಕೆ ಹೋಗ್ತೀನಿ," ಎಂದಳು.

"ಆರಾಟ ಬೇಡ ಕಣ್ಣು. ತಿರ್ಗಿ ನೋಡಿದ್ರೆ ಸಾಕು," ಎಂದರು ಅವರು. ಚಿಕ್ಕವರನ್ನು ಮುದ್ದಿನಿಂದ ಕಣ್ಣು ಎಂದು ಕರೆಯುವುದು ಆ ಕಡೆಯ ರೂಢಿ.

"ಅದಕ್ಕೆ ಅಭ್ಯಾಸ ಬೇಕು. ಹಗಲು ಆಗಾಗ ಕೈಬೆರಳು ನೋಡ್ಕೊಂಡು, ಇದು ಕನಸಾ ಅಂತ ಕೇಳ್ಕೊಬೇಕು. ನಿಜವಾಗಿ ಅನುಮಾನ ಪಟ್ಟು ಕೇಳಬೇಕು, ಸುಮ್ಮನೆ ಅಲ್ಲ. ಅದೇ ರೂಢಿ ಕನಸಿಗೂ ಹೋಗುತ್ತೆ. ಮಲಗೋ ಮುಂಚೆ ಒಂದು ವಾಕ್ಯ ಹೇಳ್ಕೊತಾ ನಿದ್ದೆ ಹೋಗಬೇಕು." ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟಳು: ಮುಂದಿನ ಸಲ ಕನಸು ಬಿದ್ದಾಗ ಇದು ಕನಸು ಅಂತ ನನಗೆ ಗೊತ್ತಾಗುತ್ತೆ.

ರಾಮಲಿಂಗಂ ಆ ಚೀಟಿಯನ್ನು ಔಷಧಿ ಚೀಟಿಯ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಮನೆಯಲ್ಲಿ ಆಡುವುದು ಕನ್ನಡವಾದರೂ ಓದಲು ಅವರಿಗೆ ಬರುತ್ತಿದ್ದುದು ತಮಿಳು ಅಕ್ಷರ ಮಾತ್ರ.

ಎರಡು ವಾರ ಬೆರಳು ಎಣಿಸಿದರು. ಐದೈದು ಹತ್ತು ಸರಿಯಾಗಿಯೇ ಇತ್ತು. ಕನಸು ಎಂದಿನಂತೆ ಬಂದು ಎಂದಿನಂತೆ ಹೋಯಿತು, ಬೆರಳು ನೋಡುವುದು ನೆನಪಾಗಲೇ ಇಲ್ಲ. "ನೇಯೋವಾಗ ಕೈ ನೋಡೋದು ಏನ್ ದೊಡ್ಡ ವಿಷಯ ಕಣ್ಣು? ನಲ್ವತ್ತೈದು ವರ್ಷದಿಂದ ಅದನ್ನೇ ನೋಡ್ತಾ ಇವ್ನಿ," ಎಂದು ಸುಪ್ರೀತಾಳಿಗೆ ದೂರು ಕೊಟ್ಟರು.

ಅವಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಕನಸಲ್ಲಿ ತಪ್ಪದೇ ಆಗೋದು ಏನು ಹೇಳಿ."

"ಸತ್ತ ನಿಂತೋಗದು." ಸದ್ದಿಗೆ ಅವರು ತಮಿಳಿನ ಸತ್ತವನ್ನೇ ಬಳಸುತ್ತಿದ್ದರು.

"ಸರಿ. ಅದನ್ನೇ ಹಿಡ್ಕೊಳ್ಳಿ. ಹಗಲು ಯಾವ ಸದ್ದು ನಿಂತ್ರೂ ಸರಿ, ಮಿಕ್ಸಿಯಾಗಲಿ, ಬಸ್ಸಾಗಲಿ, ಹಿಂದಕ್ಕೆ ತಿರುಗಿ. ತಿರುಗಿ ಇದು ಕನಸಾ ಅಂತ ಕೇಳ್ಕೊಳ್ಳಿ. ಬೆಳಿಗ್ಗೆ ಐದಕ್ಕೆ ಎದ್ದು ಸ್ವಲ್ಪ ಹೊತ್ತು ಕೂತು, ವಾಕ್ಯ ಹೇಳ್ಕೊಂಡು ಮತ್ತೆ ಮಲಗಿ. ಆ ನಿದ್ದೆಯಲ್ಲೇ ಚೆನ್ನಾಗಿ ಹಿಡಿಯೋದು." ಎದ್ದು ಹೊರಟವಳು ಮೆಟ್ಟಿಲ ಹತ್ತಿರ ನಿಂತಳು. "ಒಂದು ವಿಷಯ ತಾತ. ಕನಸಲ್ಲಿ ಬರೋ ಅಜ್ಜಿ ನಿಮ್ಮ ಮನಸ್ಸೊಳಗಿರೋ ಅಜ್ಜಿ. ನಿಮಗೆ ಏನು ಗೊತ್ತೋ ಅದನ್ನೇ ತೋರಿಸ್ತಾರೆ, ಅದನ್ನೇ ಹೇಳ್ತಾರೆ. ಹೆಚ್ಚಿಗೆ ಏನೂ ಇರಲ್ಲ."

"ನಂಗೆ ಗೊತ್ತಿಲ್ಲದ್ದು ಏನೈತೆ ಅವ್ಳ ವಿಷಯ," ಎಂದರು ರಾಮಲಿಂಗಂ. ಎಷ್ಟು ಧೈರ್ಯವಾಗಿ ಹೇಳಿದರು ನೋಡಿ.

ಹೀಗೆ ಕಿವಿಗೆ ಬಾಚಣಿಗೆ ಚುಚ್ಚಿಸಿಕೊಳ್ಳುವ, ಪಂಚೆಗೆ ಕಾಫಿ ಕುಡಿಸುವ ದಿನಗಳು ಶುರುವಾದವು. ನಿತ್ಯಾಳಿಗೆ ದಿಗಿಲು ಹತ್ತಿತು. ಮಿಕ್ಸಿ ನಿಲ್ಲಿಸಿದರೆ ಮಾವ ತಿರುಗುತ್ತಾರೆ, ಕುಕ್ಕರಿನ ಸೀಟಿ ನಿಂತರೆ ತಿರುಗುತ್ತಾರೆ. ಬಟ್ಟೆ ಒಗೆಯಲು ಹಾಕುವಾಗ ಅಂಗಿಯ ಜೇಬಿನಲ್ಲಿ ಅವಳಿಗೆ ಚೀಟಿ ಸಿಕ್ಕಿತು. ಓದಲು ಬರದೆ ಮಾಟದ ಚೀಟಿಯೇ ಇರಬೇಕೆಂದು ಹೆದರಿ ಸೀದಾ ಮಹಡಿ ಹತ್ತಿ ಸುಪ್ರೀತಾಳ ಮುಂದೆ ಹಿಡಿದಳು. ಆ ಹುಡುಗಿ ತಬ್ಬಿಬ್ಬಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ನಿತ್ಯಾ ಕೆಳಗಿಳಿದು ಬಂದು ಮಾವನನ್ನು ಏನೂ ಕೇಳಲಿಲ್ಲ. ಶಾಲೆಗೆ ಹೋಗುವ ತನ್ನ ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಅದೇ ವಾಕ್ಯವನ್ನು ತಮ್ಮ ಮನೆಯ ಮಾತಿನಲ್ಲಿ, ದಪ್ಪ ದಪ್ಪ ತಮಿಳು ಅಕ್ಷರಗಳಲ್ಲಿ ಬರೆದು ಅವರ ದಿಂಬಿನ ಪಕ್ಕದಲ್ಲಿಟ್ಟಳು. ಸಂಜೆ ರಾಮಲಿಂಗಂ ಅದನ್ನು ನೋಡಿದರು. ಸೊಸೆಗೆ ಗೊತ್ತಾಗಿದೆ ಎಂದು ತಿಳಿಯಿತು. ನಾಚಿಕೆಯಾಯಿತು, ಅದರ ಹಿಂದೆಯೇ ಸ್ವಲ್ಪ ಹಗುರವೂ ಆಯಿತು.

ಹೀಗೆ ತಿರುಗತೊಡಗಿದ ಮೂರನೇ ವಾರದ ಒಂದು ಮಂಗಳವಾರ ಅವರು ಐದಕ್ಕೆ ಎದ್ದು, ನೀರು ಕುಡಿದು, ಗೋಡೆಗೊರಗಿ ಕೂತರು. ಕನಸಿನಲ್ಲಿ ಏನು ಕಾಣುತ್ತದೋ ಎನ್ನುವ ಹೆದರಿಕೆ ಮನಸ್ಸಿನಲ್ಲಿತ್ತು. ಅವತ್ತು ತಿರುಗಿದಾಗ ಕಂಡದ್ದೇ, ಆ ವಾಲಿದ ತಲೆಯೇ ಮತ್ತೆ ಕಂಡರೆ? ಆದರೂ ಹಾಳೆಯ ವಾಕ್ಯವನ್ನು ಮೆಲ್ಲಗೆ ಹೇಳಿಕೊಂಡರು. ಹೇಳಿಕೊಳ್ಳುತ್ತ ಮಲಗಿದರು. ನೂರು ಸಲವಾದ ಮೇಲೆ ಮಾತುಗಳ ಅರ್ಥ ಕರಗಿ ಬರೀ ತಾಳ ಉಳಿಯಿತು.

ಮಗ್ಗದಲ್ಲಿ ಕೂತಿದ್ದರು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಹಿಂದೆ ರಾಟೆ ತಿರುಗುತ್ತಿತ್ತು. ಸದ್ದು ನಿಂತಿತು.

ಕತ್ತು ತಾನಾಗಿಯೇ ತಿರುಗಿತು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ ತಿರುಗಿದಷ್ಟೇ ಸಲೀಸಾಗಿ ತಿರುಗಿತು. ಇದು ಕನವಾ ಎಂದು ಕೇಳಿಕೊಂಡರು, ಆಮ, ಕನವು ಎಂದು ಒಳಗಿನಿಂದ ಉತ್ತರ ಬಂತು. ಸಂತೋಷಕ್ಕೆ ಎದೆ ಹಾರಿತು.

ರಾಟೆಯ ಮುಂದೆ ಪಾಪಾತಿ ಕೂತಿದ್ದಳು. ತಲೆ ವಾಲಿರಲಿಲ್ಲ, ನೆಟ್ಟಗಿತ್ತು. ಮುಖಕ್ಕೆ ಬಿಳೀ ಪೌಡರು. ಮೈಮೇಲೆ ಕೆಂಪು ಸೀರೆ, ಅದರ ಅಂಚು ಎರಡೂ ಕಡೆ ಒಂದೇ ಅಳತೆಗೆ ಬರದ, ಯಾವ ಮಗ್ಗದಲ್ಲೂ ನೇಯಲಾಗದ ಅಂಚು. ರಾಮಲಿಂಗಂ ಗುರುತು ಹಿಡಿದರು. ಅದು ಪಡಸಾಲೆಯಲ್ಲಿ ಹಾರ ಹಾಕಿದ್ದ ಫೋಟೋ. ಪಾಪಾತಿಯ ಆಧಾರ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿ, ಸ್ಟುಡಿಯೋದವನು ಮುಖ ಬೆಳ್ಳಗೆ ಮಾಡಿ, ಕಂಪ್ಯೂಟರಿನಲ್ಲಿ ಸೀರೆ ಉಡಿಸಿಕೊಟ್ಟಿದ್ದ. ಆ ಫೋಟೋವೇ ಬಂದು ರಾಟೆಯ ಮುಂದೆ ಕೂತಿತ್ತು. ಕೈಗಳು ತೊಡೆಯ ಮೇಲಿದ್ದವು, ಏನು ಮಾಡಬೇಕೆಂದು ಅವಕ್ಕೆ ತಿಳಿದಿರಲಿಲ್ಲ. ತಪ್ಪಾಯ್ತು ಎನ್ನಲು ರಾಮಲಿಂಗಂ ಬಾಯಿ ತೆರೆದರು. ಫೋಟೋಗೆ ಏನೆಂದು ಹೇಳುವುದು? ಎಚ್ಚರವಾಯಿತು.

ಕಿಟಕಿಯಲ್ಲಿ ಬೆಳಕಾಗಿತ್ತು. ಅವರು ಎದ್ದು ಕೂತು ಬಹಳ ಹೊತ್ತು ಯೋಚಿಸಿದರು. ನಿಮಗೆ ಗೊತ್ತಿರೋದನ್ನೇ ತೋರಿಸ್ತಾರೆ ಎಂದಿದ್ದಳು ಆ ಹುಡುಗಿ. ಅಡುಗೆಮನೆಯ ಪಾಪಾತಿ ಅವರಿಗೆ ಗೊತ್ತಿತ್ತು, ಊಟಕ್ಕೆ ಬಡಿಸುವ ಪಾಪಾತಿ, ಚೌಡೇಶ್ವರಿ ಅಮ್ಮನ ಗುಡಿಯಲ್ಲಿ ಕೈಮುಗಿದು ನಿಂತ ಪಾಪಾತಿ ಗೊತ್ತಿತ್ತು. ರಾಟೆಯ ಮುಂದೆ ಕೂತ ಪಾಪಾತಿ ಗೊತ್ತಿರಲಿಲ್ಲ. ಯಾವ ಕೈಯಲ್ಲಿ ರಾಟೆ ತಿರುಗಿಸುತ್ತಿದ್ದಳು? ಕಾಲು ಹೇಗೆ ಇಟ್ಟುಕೊಳ್ಳುತ್ತಿದ್ದಳು? ನೂಲು ಕಡಿದಾಗ ಮುಖ ಹೇಗಾಗುತ್ತಿತ್ತು? ನಲವತ್ತೊಂದು ವರ್ಷದಲ್ಲಿ ಒಮ್ಮೆಯಾದರೂ ನೋಡಿದ್ದರೆ ತಾನೇ ಮನಸ್ಸು ತೋರಿಸೋದಕ್ಕೆ! ನಾಲ್ಕು ಬೆರಳಗಲದ ತಪ್ಪೆಂದು ತಿಳಿದಿದ್ದರು. ಇದು ಸಾವಿರಾರು ಸೀರೆಗಳ ಉದ್ದ ಇತ್ತು. ರಾಮಲಿಂಗಂ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ನಿತ್ಯಾ ಕಾಫಿ ತಂದಾಗ ಅವರ ಕಣ್ಣು ಕೆಂಪಾಗಿತ್ತು. ಲೋಟ ಇಟ್ಟು ಹೋಗಲಿದ್ದವಳನ್ನು ಅವರು ನಿಲ್ಲಿಸಿದರು.

"ಅಮ್ಮಾಡಿ, ಒಂದು ಕೇಳ್ತೀನಿ. ನಿಮ್ಮತ್ತೆ ರಾಟೆ ಯಾವ ಕೈಲಿ ತಿರ್ಗುಸ್ತಾ ಇದ್ಳು?"

ಅವಳು ಗೊತ್ತಿಲ್ವಾ ಮಾಮಾ ಎಂದು ಕೇಳಬಹುದಿತ್ತು. ಕೇಳಲಿಲ್ಲ, ಅದು ಅವಳ ದೊಡ್ಡ ಗುಣ. ಮಗ್ಗದ ಕೋಣೆಗೆ ಹೋಗಿ, ಮೂಲೆಯ ರಾಟೆಯನ್ನು ಹಳೇ ಜಾಗಕ್ಕೆ ಎಳೆದು, ಅದರ ಮುಂದೆ ಕೂತಳು. ಏಳು ವರ್ಷ ಅಡುಗೆಮನೆಯ ಹೊಸಿಲಲ್ಲಿ ಕೂತು ತರಕಾರಿ ಹೆಚ್ಚುತ್ತ ಅತ್ತೆಯನ್ನು ಎದುರಿಗೇ ನೋಡಿದವಳು ಅವಳು.

"ಬಲಗೈಲಿ ತಿರ್ಗುಸೋದು, ಎಡಗೈಲಿ ನೂಲು. ಮಂಡಿ ನೋವಲ್ವಾ, ಬಲಗಾಲು ಇಂಗೆ ನೀಡ್ಕೊಂಡು ಬುಡ್ತಿದ್ರು," ಎಂದು ಕಾಲು ಚಾಚಿದಳು. "ನೂಲು ಸಣ್ಣದಾಗಿ ಓಡೋವಾಗ ನಾಲ್ಗೆ ತುದಿ ಇಂಗೆ ತುಟಿ ಮೂಲೆಗೆ ಬರ್ತಿತ್ತು. ಕಡ್ದೋದ್ರೆ ಹಲ್ಲಲ್ಲಿ ಒಂದು ತುದಿ ಕಚ್ಕೊಂಡು ಗಂಟು ಹಾಕೋರು." ಅವಳು ಹಾಕಿ ತೋರಿಸಿದಳು. ಆಮೇಲೆ ನಕ್ಕಳು. "ಯಾವಾಗ್ಲೂ ನಿಮ್ ಬೆನ್ನೇ ನೋಡ್ತಾ ಇರೋರು. 'ನಿತ್ಯಾ, ನಿಮ್ ಮಾಮನ ಬನಿಯನ್ನಲ್ಲಿ ಮತ್ತೆ ಓಟೆ ಬಿದ್ದದೆ, ತಿರುಪ್ಪೂರಲ್ಲಿ ಮಗನ್ನ ಇಟ್ಕೊಂಡು ಓಟೆ ಬನಿಯನ್ ಆಕ್ಕೊಂಡವ್ರೆ ನೋಡು' ಅನ್ನೋರು."

ರಾಮಲಿಂಗಂ ಅವರಿಗೆ ಅಳುವಿನ ನಡುವೆ ನಗು ಬಂತು.

"ಕಂಡಿಕೆ ನೀವು ಕೈ ನೀಡಿದ್ಮೇಲೆ ಎತ್ಕೊಳೋರಲ್ಲ," ಎಂದಳು ನಿತ್ಯಾ. "ಲಾಳಿ ಸತ್ತದಲ್ಲೇ ತಿಳಿತದಂತೆ, ನೂಲು ಮುಗಿತಾ ಬಂತು ಅಂತ. ಮೊದ್ಲೇ ಎತ್ತಿ ಇಡ್ಕೊಂಡು ಕಾದಿರೋರು. ಒಂದ್ಸಲ ಕೇಳ್ದೆ, ಯಾಕತ್ತೆ, ಮಾಮ ಒಂದ್ಸಲನೂ ತಿರ್ಗಿ ನೋಡಲ್ವಲ್ಲ ಅಂತ."

"ಏನಂದ್ಳು?"

"ತಿರ್ಗಿದ್ರೆ ಎಳೆ ತಪ್ಪೋದಿಲ್ವಾ, ನೋಡೋ ಕೆಲ್ಸ ನಾನ್ ಮಾಡ್ತಾ ಇವ್ನಲ್ಲ ಅಂದ್ರು."

ರಾಮಲಿಂಗಂ ಸೊಸೆಯ ನೀಡಿದ ಕಾಲನ್ನು, ರಾಟೆಯ ಮೇಲಿದ್ದ ಕೈಯನ್ನು, ಹಲ್ಲಿನಲ್ಲಿ ಕಚ್ಚಿದ್ದ ಎಳೆಯನ್ನು ನೋಡಿದರು. ಒಂದೊಂದನ್ನೂ ಬಿಡದೆ ನೋಡಿದರು. ಇನ್ನೊಮ್ಮೆ ಗಂಟು ಹಾಕಿ ತೋರಿಸಲು ಕೇಳಿದರು. ಅವಳು ಒಲೆಯ ಮೇಲಿಟ್ಟ ಹಾಲನ್ನು ಮರೆತು ತೋರಿಸಿದಳು, ಹಾಲು ಉಕ್ಕಿಹೋಯಿತು.

ಆಮೇಲೆ ಹನ್ನೆರಡು ದಿನ ಕನಸು ಬರಲಿಲ್ಲ. ಅವರು ತಿರುಗುವುದನ್ನು ಬಿಡಲಿಲ್ಲ. ಮಲಗುವಾಗ ಹೇಳುವ ವಾಕ್ಯಕ್ಕೆ ತಮ್ಮದೇ ಒಂದು ಬಾಲ ಸೇರಿಸಿದರು: ಬಲಗೈಲಿ ರಾಟೆ, ಎಡಗೈಲಿ ನೂಲು, ಬಲಗಾಲು ನೀಡಿಕೊಂಡು. ಸುಪ್ರೀತಾ ಇದನ್ನು ಕೇಳಿ, ತನಗೂ ಯಾರೂ ಇದನ್ನು ಕಲಿಸಿರಲಿಲ್ಲ ಎಂದಳು.

ಹದಿಮೂರನೆಯ ದಿನ ಬೆಳಗಿನ ನಿದ್ದೆಯಲ್ಲಿ ಮಗ್ಗ ಬಂತು, ರಾಟೆ ಬಂತು, ಸದ್ದು ನಿಂತಿತು. ಅವರು ತಿರುಗಿದರು.

ಪಾಪಾತಿ ಬಲಗಾಲು ಚಾಚಿಕೊಂಡು ಕೂತಿದ್ದಳು. ಮೈಮೇಲೆ ಬಣ್ಣ ಹೋದ ಹಸಿರು ಸೀರೆ. ನೂಲು ಕಡಿದಿತ್ತು, ಅದಕ್ಕೇ ರಾಟೆ ನಿಂತಿತ್ತು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಗಂಟು ಹಾಕುತ್ತಿದ್ದಳು. ಇದು ಕನಸು ಎಂದು ರಾಮಲಿಂಗಂ ಅವರಿಗೆ ಗೊತ್ತಿತ್ತು. ತಪ್ಪಾಯ್ತು ಎಂದು ಹೇಳಿದರೆ ಆಕೆ ಏನೋ ಒಂದು ಹೇಳುತ್ತಾಳೆ, ಆದರೆ ಆ ಉತ್ತರ ತಮ್ಮ ಮನಸ್ಸಿನದೇ ಆಗಿರುತ್ತದೆ ಎಂದೂ ಗೊತ್ತಿತ್ತು. ತಾವೇ ತಪ್ಪು ಮಾಡಿ ತಮಗೆ ತಾವೇ ಕ್ಷಮೆ ಕೊಟ್ಟುಕೊಳ್ಳುವುದು ಅವರಿಗೆ ಬೇಡವಾಯಿತು. ಮಗ್ಗದ ಗುಂಡಿಯಿಂದ ಕಾಲು ಮೇಲಕ್ಕೆಳೆದುಕೊಂಡು ಎದ್ದರು. ಮಂಡಿ ನೋಯಲಿಲ್ಲ. ಎರಡು ಮಾರು ನಡೆದು ಆಕೆಯ ಎದುರಿಗೆ ನೆಲದ ಮೇಲೆ ಕೂತರು.

ಪಾಪಾತಿ ತಲೆಯೆತ್ತಲಿಲ್ಲ. "ಕೈ ನೀಡಿದ್ರೆ ಕೊಡ್ತಾ ಇರ್ಲಿಲ್ವಾ? ಎದ್ದು ಬರ್ಬೇಕಾ?" ಎಂದಳು, ಎಳೆ ಹಲ್ಲಿನಲ್ಲಿದ್ದುದರಿಂದ ಮಾತು ಅರ್ಧ ಒಳಗೇ ಉಳಿಯಿತು.

ಅವರು ಆಕೆಯ ಕೈ ನೋಡುತ್ತ ಕೂತರು. ಗಂಟು ಬಿತ್ತು, ರಾಟೆ ಮತ್ತೆ ತಿರುಗಿತು, ನಾಲಿಗೆಯ ತುದಿ ತುಟಿಯ ಮೂಲೆಗೆ ಬಂತು. ಕನಸು ಎಷ್ಟು ಹೊತ್ತು ಬಿಟ್ಟಿತೋ ಅಷ್ಟು ಹೊತ್ತು ನೋಡಿದರು.

ಎದ್ದವರು ಮುಖ ತೊಳೆದು, ಕಾಫಿ ಕುಡಿದು, ಮಗ್ಗದ ಮೇಲಿನ ಪಂಚೆ ತೆಗೆದರು. ನಿತ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೇಯಲು ಕೂರುತ್ತಾರೆ ಎಂದು ಅವಳು ಅಂದುಕೊಂಡಳು. ಅವರು ಬಿಚ್ಚಲು ಕೂತರು. ತಪ್ಪಿ ನೇಯ್ದದ್ದನ್ನು ನೇಕಾರರು ಬಿಚ್ಚುವ ಹಾಗೆ, ಮೇಲಿನಿಂದ ಒಂದೊಂದೇ ಎಳೆಯನ್ನು ಮೆಲ್ಲಗೆ ಹಿಂದಕ್ಕೆಳೆದು, ಕಡಿಯದ ಹಾಗೆ ಬೆರಳಿಗೆ ಸುತ್ತಿಕೊಂಡರು. ನಾಲ್ಕು ಬೆರಳಗಲ ಬಿಚ್ಚುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತು. ಮುಗಿದ ಹೂವು ಮತ್ತೆ ಕೊನೆಯ ಹೂವಾಯಿತು. ಅಲ್ಲಿಗೆ ನಿಲ್ಲಿಸಿದರು.

ಬಿಚ್ಚಿದ ನೂಲನ್ನು ಸುತ್ತಲು ನಿತ್ಯಾ ಮುಂದೆ ಬಂದಳು. ಬೇಡ ಎಂದು ಅವರೇ ರಾಟೆಯ ಮುಂದೆ ಕೂತರು, ಪಾಪಾತಿಯ ಜಾಗದಲ್ಲಿ. ಅಲ್ಲಿಂದ ಕಾಣುತ್ತಿದ್ದುದು ಮಗ್ಗದ ಖಾಲಿ ಹಲಗೆ, ಅದರಾಚೆ ಗೋಡೆ. ನಲವತ್ತೊಂದು ವರ್ಷ ಆಕೆಗೆ ಕಂಡದ್ದು ಇದೇ, ನಡುವೆ ತಮ್ಮ ತೂತು ಬಿದ್ದ ಬನಿಯನ್ನಿನ ಬೆನ್ನು. ಅವರು ಸುತ್ತಿದ ಕಂಡಿಕೆ ಒಂದು ಕಡೆ ಊದಿಕೊಂಡು ಇನ್ನೊಂದು ಕಡೆ ಸಡಿಲವಾಯಿತು. ಲಾಳಿಗೆ ಹಾಕಿ ನೇಯಲು ಕೂತರೆ ಮೂರು ಸಲ ಜಾರಿ ಸಿಕ್ಕಾಯಿತು. ಪಾಪಾತಿ ಕೊಟ್ಟ ಕಂಡಿಕೆ ಒಂದು ದಿನವೂ ಜಾರಿದ ನೆನಪು ಅವರಿಗಿರಲಿಲ್ಲ. ಇಷ್ಟು ಚೆನ್ನಾಗಿ ಸುತ್ತುತ್ತಿದ್ದಳು, ಚೆನ್ನಾಗಿದೆ ಎಂದು ಒಂದು ಸಲವೂ ಹೇಳಿರಲಿಲ್ಲ. ಸಿಕ್ಕು ಬಿಡಿಸುತ್ತ, "ಚೆನ್ನಾಗಿ ಸುತ್ತುತಿದ್ದೆ ಪಾಪಾತಿ," ಎಂದು ಜೋರಾಗಿಯೇ ಹೇಳಿದರು. ನಿತ್ಯಾಳಿಗೆ ಕೇಳಿಸಿತು, ಕೇಳಿಸಲಿ ಎಂದೇ ಹೇಳಿದ್ದು.

ಮರುದಿನದಿಂದ ನಿತ್ಯಾ ಸುತ್ತತೊಡಗಿದಳು. ಅವತ್ತು ಮೊದಲ ಕಂಡಿಕೆ ಮುಗಿದಾಗ ರಾಮಲಿಂಗಂ ಅವರ ಎಡಗೈ ಹಳೆಯ ರೂಢಿಯಂತೆ ಹಿಂದಕ್ಕೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ವಾಪಸ್ಸು ತಂದುಕೊಂಡರು. ಹಲಗೆ ಹಿಡಿದು, ಗುಂಡಿಯಿಂದ ಒಂದೊಂದೇ ಕಾಲು ಎಳೆದು, ಮಂಡಿ ಒತ್ತಿಕೊಂಡು ಎದ್ದರು.

"ಕೂತ್ಕಳಿ ಮಾಮಾ, ಕೈ ನೀಡಿದ್ರೆ ನಾನೇ ಕೊಡ್ತೀನಲ್ಲ," ಎಂದಳು ನಿತ್ಯಾ. "ಇಂಗೆ ಪ್ರತಿ ಕಂಡಿಕೆಗೂ ಎದ್ದು ಬಂದ್ರೆ ಈ ಸೀರೆ ಯಾವಾಗ ಮುಗಿಯೋದು?"

"ಮುಗಿದಾಗ ಮುಗೀಲಿ," ಎನ್ನುತ್ತ ರಾಮಲಿಂಗಂ ಎರಡು ಮಾರು ನಡೆದು ಬಂದು, ಅವಳ ಎದುರಿಗೆ ನಿಂತು, ಮುಖ ನೋಡಿ, ಕಂಡಿಕೆ ತೆಗೆದುಕೊಂಡರು.